ಬಂದರೂರಿನಲ್ಲಿ ನಾನು ನಕ್ಕ ಮೂರು ದಿನ

ಕಳೆದ ಭಾನುವಾರ ಗಂಜಾಂನಲ್ಲಿ ನಿಮಿಷಾಂಬ ದೇವಸ್ಥಾನದಿಂದ ಹೊರಗೆ ಬರುವಾಗ ಜೋಳ ಸುಡುವ ಹೊಗೆ ಮೂಗಿಗೆ ಬಡಿಯಿತು. ತಳ್ಳುಗಾಡಿಯ ಹೆಂಗಸು ಮುಸುಕಿನ ಜೋಳದ ತೆನೆಯನ್ನು ಕೆಂಡದ ಮೇಲೆ ಹೊರಳಿಸಿ ಹೊರಳಿಸಿ ಸುಟ್ಟು, ನಿಂಬೆಹಣ್ಣಿನ ಹೋಳನ್ನು ಉಪ್ಪು-ಖಾರದಪುಡಿಯಲ್ಲಿ ಅದ್ದಿ ತೆನೆಯ ಉದ್ದಕ್ಕೂ ಉಜ್ಜುತ್ತಿದ್ದಳು. ನಮ್ಮ ಯಜಮಾನರು ಎರಡು ತೆನೆ ಕೊಂಡರು. ಒಂದನ್ನು ಸಿಪ್ಪೆಯಲ್ಲಿ ಸುತ್ತಿಸಿ ನನ್ನ ಕೈಗಿಟ್ಟು, “ತಗೋ, ನಿನಗಿಷ್ಟ ಅಲ್ವಾ? ಮೆಕ್ಸಿಕೋದಲ್ಲಿ ಹೇಗೆ ತಿಂತಿದ್ದೆ!” ಎಂದು ನಕ್ಕರು.

ತೆನೆ ಬಿಸಿಯಾಗಿತ್ತು. ಸೆರಗಿನ ತುದಿಯಲ್ಲಿ ಹಿಡಿದುಕೊಂಡೆ. ದೇವಸ್ಥಾನದಿಂದ ನಾಲ್ಕು ಹೆಜ್ಜೆ ಆಚೆಗೆ ನಮ್ಮಪ್ಪನ ತೋಟವಿತ್ತು. ತೋಟದ ಮೂಲೆಯಲ್ಲಿ, ನಾಲೆಯ ಏರಿಯ ಕೆಳಗೆ, ಅಪ್ಪ ಮಣ್ಣಾಗಿದ್ದಾರೆ. ಅವರು ಮಣ್ಣಾದ ಮರುದಿನ ನಾನು ಭೂಮಿಯ ಆ ಬದಿಯಲ್ಲಿ ಇದೇ ಜೋಳವನ್ನು, ಹೀಗೇ ನಿಂಬೆ ಖಾರ ಹಚ್ಚಿಸಿಕೊಂಡು, ತುಟಿ ಚಪ್ಪರಿಸಿ ತಿನ್ನುತ್ತಿದ್ದೆ.

ತೊಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ನಮ್ಮ ಯಜಮಾನರು ಪಾಂಡವಪುರದ ಹತ್ತಿರದ ಹಳ್ಳಿಯವರು, ಸರಕು ಸಾಗಿಸುವ ಹಡಗಿನಲ್ಲಿ ಸೆಕೆಂಡ್ ಎಂಜಿನಿಯರ್. ಕಬ್ಬಿನ ಗದ್ದೆಯ ಊರಿನಿಂದ ಹಡಗಿಗೆ ಹೋದವರು ಅವರೊಬ್ಬರೇ ಆದ್ದರಿಂದ ಊರಿನಲ್ಲಿ ನನಗೆ ‘ಅಡಗಿನೋರ ಎಂಡ್ರು’ ಎಂದೇ ಹೆಸರು. ಮದುವೆಯಾಗಿ ಮೂರು ವರ್ಷವಾಗಿದ್ದರೂ ನಾವು ಜೊತೆಯಲ್ಲಿದ್ದದ್ದು ಅವರ ರಜೆಗಳಲ್ಲಿ ಮಾತ್ರ. ಆ ವರ್ಷ ಹೆಂಡತಿಯನ್ನು ಜೊತೆಗೆ ಕರೆದೊಯ್ಯಲು ಕಂಪನಿಯವರು ಒಪ್ಪಿದರು. ನಮ್ಮತ್ತೆಗೆ ದಿಗಿಲು. “ನೀರಿನ್ ಮ್ಯಾಲೆ ಒಲೆ ಎಂಗವ್ವಾ ಅಚ್ಚೀರಿ? ಉಯ್ಯಾಲೆ ಆಡ್ಕಂಡೇ ಮುದ್ದೆ ತೊಳಸ್ತೀಯಾ?” ಎಂದು ಕೇಳಿ, ಹಡಗಿನ ಅಡುಗೆಯವನ ಮೇಲೆ ನಂಬಿಕೆಯಿಲ್ಲದೆ ಎರಡು ಸೇರು ರಾಗಿಹಿಟ್ಟನ್ನು ಹೊಸ ದಿಂಬಿನ ಚೀಲಕ್ಕೆ ತುಂಬಿ ಹೊಲಿದು ಕೊಟ್ಟರು.

ಹೊರಡುವ ಮುಂಚೆ ಗಂಜಾಂಗೆ ಹೋದೆವು. ಅಪ್ಪನಿಗೆ ಆಗಲೇ ಉಬ್ಬಸ, ಎದೆಯ ತೊಂದರೆ. ನಾಲ್ಕು ಮಾತಾಡಿದರೆ ಒಂದು ಸಲ ನಿಲ್ಲಿಸಿ ಉಸಿರು ಎಳೆದುಕೊಳ್ಳುತ್ತಿದ್ದರು. ನಾನು ಕಾನ್ವೆಂಟಿನಲ್ಲಿ ಓದುವಾಗ ಸೈಕಲ್ಲಿಗೆ ಕುಕ್ಕೆ ಕಟ್ಟಿ ಸಿಸ್ಟರುಗಳಿಗೆ ಅಂಜೂರ ತಂದುಕೊಡುತ್ತಿದ್ದ ಮನುಷ್ಯ. ಈಗ ಜಗಲಿಯಿಂದ ಹಿತ್ತಲಿಗೆ ಹೋಗಲು ಗೋಡೆ ಹಿಡಿಯುತ್ತಿದ್ದರು. ತಮಾಷೆ ಮಾತ್ರ ಬಿಟ್ಟಿರಲಿಲ್ಲ.

“ಅಲ್ಲಾ ಅಳಿಮಯ್ಯ, ನಮ್ ಕಾವೇರಿ ಓಗಿ ಸೇರೋ ಸಮುದ್ರನೂ ನೀವು ಓಗೋ ಸಮುದ್ರನೂ ಒಂದೇಯಾ?”

“ಬೇರೆ ಬೇರೆ ಮಾವ. ಆದ್ರೆ ಎಲ್ಲಾ ಒಂದಕ್ಕೊಂದು ಸೇರ್ಕೊಂಡಿವೆ.”

“ಅಂಗಾರೆ ನಾನಿಲ್ಲಿ ಎಮ್ಮೆ ತೊಳ್ದ ನೀರು ಒಂದಲ್ಲ ಒಂದಿನ ಅಲ್ಲಿಗೂ ಬತ್ತದೆ ಅನ್ನಿ. ಲೇ ಕೂಸೆ, ನೋಡ್ಕಂಡು ಕಾಲಿಡು.”

ಎಲ್ಲರೂ ನಕ್ಕೆವು. ನಗು ಮುಗಿದ ಮೇಲೆ ಅಪ್ಪ ಅಳಿಯನ ಕೈ ಹಿಡಿದುಕೊಂಡರು. “ಬೇಜಾರ್ ಮಾಡ್ಕಬ್ಯಾಡಿ, ಒಂದ್ ಮಾತು. ನಂಗೇನಾರ ಎಚ್ಚುಕಮ್ಮಿ ಆದ್ರೆ ಇವಳಿಗೆ ಮುಚ್ಚಿಡಬ್ಯಾಡಿ. ಮಣ್ಣಿಗೆ ಆಗ್ದಿದ್ರೆ ಓಗ್ಲಿ, ತಿಥಿಗಾದ್ರೂ ಕಳಿಸ್ಕೊಡಿ. ಇವಳ ಕೈಯಿಂದ ಒಂದ್ ತೊಟ್ಟು ಆಲು-ತುಪ್ಪ ಬೀಳ್ಲಿ ನನ್ ಮ್ಯಾಲೆ.”

ನಮ್ಮ ಮನೆಗಳಲ್ಲಿ ಸತ್ತವರನ್ನು ಮಣ್ಣು ಮಾಡಿದ ಮೇಲೆ ಮೂರನೇ ದಿನ ಮಕ್ಕಳೆಲ್ಲ ಹೋಗಿ ಗುಡ್ಡೆಯ ಮೇಲೆ ಹಾಲು, ತುಪ್ಪ ಬಿಡುತ್ತಾರೆ. ಗಂಡುಮಕ್ಕಳಷ್ಟೇ ಹೆಣ್ಣುಮಕ್ಕಳೂ ಬಿಡಬೇಕು. ದೂರದಿಂದ ಬರುವವರು ಹನ್ನೊಂದರ ತಿಥಿಯ ದಿನ ಬಿಟ್ಟರೂ ನಡೆಯುತ್ತದೆ. ತಿಥಿ ದಾಟಿದರೆ ಮುಗಿಯಿತು. ಅಮ್ಮ ಹೋದಾಗ ನಾನು ಐದನೇ ಕ್ಲಾಸು. ಕಾನ್ವೆಂಟಿನ ನೀಲಿ ಲಂಗದಲ್ಲೇ ಕರೆದುಕೊಂಡು ಹೋಗಿದ್ದರು. ಅಪ್ಪ ನನ್ನ ಕೈ ಹಿಡಿದು ಲೋಟ ಬಗ್ಗಿಸಿದ್ದರು. ಹಾಲು ಮಣ್ಣಿನೊಳಕ್ಕೆ ಇಂಗಿದಾಗ, “ನೋಡು, ನಿಮ್ಮವ್ವ ಕುಡುದ್ಲು” ಅಂದಿದ್ದರು.

“ಮಾತು ಕೊಡ್ತೀನಿ ಮಾವ,” ಎಂದರು ನಮ್ಮ ಯಜಮಾನರು. ಜಗಲಿಯ ಕಂಬಕ್ಕೆ ಒರಗಿ ನಿಂತಿದ್ದ ನನ್ನ ಅಣ್ಣನೂ ಅದನ್ನು ಕೇಳಿಸಿಕೊಂಡ.

ಹಡಗು ಅಮೆರಿಕದಿಂದ ಮುಸುಕಿನ ಜೋಳ ತುಂಬಿಕೊಂಡು ಮೆಕ್ಸಿಕೋದ ಪಶ್ಚಿಮ ದಡದ ಮಾನ್ಸನಿಯೊ ಎಂಬ ಬಂದರಿಗೆ ಬಂತು. ಕೊಲ್ಲಿಯೊಂದು ಕುಡುಗೋಲಿನಂತೆ ಬಾಗಿತ್ತು. ಹಿಡಿಯ ಕಡೆಗೆ ಬಂದರು: ಕ್ರೇನುಗಳು, ಎಣ್ಣೆಯ ಟ್ಯಾಂಕುಗಳು, ಗುಡ್ಡಕ್ಕೆ ಅಂಟಿಕೊಂಡ ಬಣ್ಣ ಮಾಸಿದ ಮನೆಗಳು, ಮೀನಿನ ಮಾರ್ಕೆಟ್ಟು. ಮೊನೆಯ ಕಡೆಗೆ ಪ್ರವಾಸಿಗರಿಗೆಂದು ಕಟ್ಟಿದ ಬಿಳಿ ಹೋಟೆಲುಗಳು. ಮಳೆಗಾಲವಾದ್ದರಿಂದ ಪ್ರವಾಸಿಗರೇ ಇರಲಿಲ್ಲ. ಮರಳಿನ ಮೇಲೆ ಕುರ್ಚಿಗಳನ್ನು ಒಂದರ ಮೇಲೊಂದು ಬೋರಲು ಹಾಕಿದ್ದರು. ಈಜುಕೊಳದಲ್ಲಿ ಎಲೆ ತೇಲುತ್ತಿತ್ತು. ರಂಗನತಿಟ್ಟಿನ ಹೆಜ್ಜಾರ್ಲೆಗಳ ನೆಂಟರಂಥ ಕಂದುಬಣ್ಣದ ಹಕ್ಕಿಗಳು ದೋಣಿಗಳ ಮೂತಿಯ ಮೇಲೆ ಕೂತು ಗಂಟಲ ಚೀಲ ಅಲುಗಿಸುತ್ತಿದ್ದವು.

ಹಡಗಿನಿಂದ ಜೋಳ ಇಳಿಸುವಾಗ ಒಂದು ಹನಿ ಬಿದ್ದರೂ ಕೆಲಸ ನಿಲ್ಲಬೇಕು, ಕಾಳು ನೆಂದರೆ ಬೂಸಲು. ಮೋಡ ಕಟ್ಟಿದ ಕೂಡಲೇ ಸೀಟಿ ಊದಿ ಹಡಗಿನ ಹೊಟ್ಟೆಯ ಮೇಲಿನ ಕಬ್ಬಿಣದ ಮುಚ್ಚಳಗಳನ್ನು ಎಳೆಯುತ್ತಿದ್ದರು. ಕೂಲಿಯವರು ಗೋಡೌನಿನ ಸೂರಿನ ಕೆಳಗೆ ಇಸ್ಪೀಟಿಗೆ ಕೂರುತ್ತಿದ್ದರು. ಒಂದು ವಾರದ ಕೆಲಸ ತಿಂಗಳಾದರೂ ಮುಗಿಯಲಿಲ್ಲ. ನನಗೆ ಅದೇ ಖುಷಿ. ಗಂಡ ಕಣ್ಣೆದುರಿಗೇ ಇದ್ದರು, ಕಾಲ ಕೆಳಗೆ ನೆಲವೂ ಇತ್ತು.

ಆ ಊರು ನನಗೆ ಹೊಸದು ಅನ್ನಿಸಲೇ ಇಲ್ಲ. ಬಸ್ಸಿನಲ್ಲಿ ಸ್ವಲ್ಪ ಒಳಗೆ ಹೋದರೆ ಕಬ್ಬು, ತೆಂಗು, ಬಾಳೆ, ನಿಂಬೆ ತೋಟ. ಒಬ್ಬ ಮುದುಕ ಸೋರೆಬುರುಡೆ ಹೆಗಲಿಗೆ ಹಾಕಿಕೊಂಡು ತೆಂಗಿನ ಹೊಂಬಾಳೆಯಿಂದ ಇಳಿಸಿದ ನೀರಾ ಮಾರುತ್ತ ಬರುತ್ತಿದ್ದ. ಲೋಟದ ಮೇಲೆ ಒಂದು ಹಿಡಿ ಕಡಲೆಕಾಯಿ ಬೀಜ ಉದುರಿಸಿ ಕೊಡುತ್ತಿದ್ದ. ಕುಡಿಯುವಾಗೆಲ್ಲ ಊರಿಗೆ ಹೋಗಿ ಅಪ್ಪನಿಗೆ ಹೇಳಬೇಕಾದ ಮಾತುಗಳನ್ನು ಜೋಡಿಸಿಕೊಳ್ಳುತ್ತಿದ್ದೆ. ‘ಅಪ್ಪ, ನಿಮ್ಮ ಎಮ್ಮೆ ತೊಳೆದ ನೀರು ಇನ್ನೂ ಬಂದಿಲ್ಲ, ಕಾಯ್ತಾ ಇದ್ದೀನಿ’ ಅಂತ.

ಭಾನುವಾರ ಸಂಜೆ ಊರಿಗೆ ಫೋನು. ಅಲ್ಲಿ ಸಂಜೆ ಅಂದರೆ ಇಲ್ಲಿ ಸೋಮವಾರ ಬೆಳಗ್ಗೆ. ಅಣ್ಣ ಶ್ರೀರಂಗಪಟ್ಟಣದ ಕೋಟೆ ಬಾಗಿಲ ಹತ್ತಿರದ ಎಸ್‌ಟಿಡಿ ಬೂತಿಗೆ ಬಂದು ಕಾದಿರುತ್ತಿದ್ದ. ಬಂದರಿನ ಚೌಕದ ಪಕ್ಕದ ಓಣಿಯಲ್ಲಿ ಗಾಜಿನ ಗೂಡುಗಳಿದ್ದ ಫೋನಿನ ಅಂಗಡಿ. ಯಜಮಾನರು ಒಳಗೆ ಹೋಗಿ ಲೈನು ಹಿಡಿದು, ನನ್ನನ್ನು ಕೈಬೀಸಿ ಕರೆಯುವುದು ವಾಡಿಕೆ. ಅದುವರೆಗೆ ನಾನು ಹೊರಗೆ ಗಾಡಿಯವಳ ಹತ್ತಿರ ಜೋಳದ ತೆನೆ ಸುಡಿಸಿಕೊಳ್ಳುತ್ತಿದ್ದೆ. ಹಡಗಿನಿಂದ ದಿನವೂ ಲಾರಿಗಟ್ಟಲೆ ಜೋಳ ಇಳಿಯುವುದನ್ನು ನೋಡಿಯೂ ನನಗೆ ಅದರ ಆಸೆ ತೀರಿರಲಿಲ್ಲ.

ಆ ಭಾನುವಾರ ಗಾಜಿನಾಚೆ ಅವರನ್ನು ನೋಡುತ್ತ ತಿನ್ನುತ್ತಿದ್ದೆ. ಊರಿಗೆ ಫೋನು ಮಾಡಿದರೆ ಓಣಿಗೆಲ್ಲ ಕೇಳುವ ಹಾಗೆ ಕೂಗಿ ಮಾತಾಡುವವರು ಅವತ್ತು ಕೂಗಲಿಲ್ಲ. ಮಾತಿನ ನಡುವೆ ನನ್ನ ಕಡೆಗೆ ಬೆನ್ನು ಮಾಡಿದರು. ಫೋನಿನ ಸುರುಳಿ ವೈರನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ನಿಂತರು. ನನ್ನನ್ನು ಕರೆಯಲಿಲ್ಲ.

ಹೊರಗೆ ಬಂದವರು, “ಲೈನ್ ಕಟ್ಟಾಯ್ತು,” ಎಂದರು.

“ಅಪ್ಪ ಹೇಗಿದ್ದಾರಂತೆ?”

“ಚೆನ್ನಾಗಿದ್ದಾರಂತೆ. ಎಲ್ಲರೂ ಚೆನ್ನಾಗಿದ್ದಾರಂತೆ.”

“ಇನ್ನೊಂದ್ಸಲ ಮಾಡಿ ರೀ. ನಾನು ಒಂದೇ ಮಾತು ಆಡ್ತೀನಿ.”

“ನಿಮ್ಮಣ್ಣ ಆಗ್ಲೇ ಹೊರಟಿರ್ತಾನೆ ಬಿಡು.” ಕರವಸ್ತ್ರ ತೆಗೆದು ನನ್ನ ಗಲ್ಲಕ್ಕೆ ಅಂಟಿದ್ದ ಖಾರದಪುಡಿ ಒರೆಸಿದರು. ರಸ್ತೆಯಲ್ಲಿ ಹಾಗೆ ಮಾಡುವವರಲ್ಲ. “ಮಳೆ ಇನ್ನೆರಡು ಮೂರು ದಿನ ಬಿಡಲ್ವಂತೆ. ಕ್ಯಾಪ್ಟನ್ನ ಕೇಳ್ತೀನಿ. ಆ ಕಡೆ ಹೋಟೆಲಲ್ಲಿ ಇದ್ದು ಬರೋಣವಾ?”

ನಾನು ಎಷ್ಟು ವಾರಗಳಿಂದ ಗೋಗರೆದಿದ್ದೆ! ಫೋನು ಮರೆತೇಹೋಯಿತು. ಕ್ಯಾಪ್ಟನ್ ಒಂದೇ ಮಾತಿಗೆ ರಜೆ ಕೊಟ್ಟರು. ಏಣಿ ಇಳಿಯುವಾಗ ತಾವೇ ಬಂದು ನನ್ನ ಚೀಲ ಎತ್ತಿಕೊಟ್ಟು, “ಟೇಕ್ ಕೇರ್, ಬೇಟಿ” ಅಂದರು. ಗಡಸು ಮನುಷ್ಯ ಅಂದುಕೊಂಡಿದ್ದೆ, ಎಷ್ಟು ಒಳ್ಳೆಯವರು ಎಂದು ಬಸ್ಸಿನಲ್ಲಿ ಹೇಳಿಕೊಂಡು ಹೋದೆ.

ಹೋಟೆಲಿನಲ್ಲಿ ನಾವಿಬ್ಬರೇ. ನೋಡಿಕೊಳ್ಳುತ್ತಿದ್ದವಳು ರೋಸಾ ಎಂಬ ವಯಸ್ಸಾದ ಹೆಂಗಸು. ನಮ್ಮ ಯಜಮಾನರು ಬಂದರುಗಳಲ್ಲಿ ಕಲಿತ ಅರೆಬರೆ ಸ್ಪ್ಯಾನಿಷ್‌ನಲ್ಲಿ ಅವಳ ಹತ್ತಿರ ಏನೋ ಮಾತಾಡಿದರು. ಅವಳು ಒದ್ದೆ ಕೈಯನ್ನು ಏಪ್ರನ್ನಿಗೆ ಒರೆಸಿಕೊಂಡು ಬಂದು ನನ್ನನ್ನು ಗಟ್ಟಿಯಾಗಿ ತಬ್ಬಿಕೊಂಡಳು. ಸೋಪಿನ ವಾಸನೆ, ಬೆಳ್ಳುಳ್ಳಿಯ ವಾಸನೆ. ಇವರ ಊರಿನ ಉಪಚಾರವೇ ಹೀಗಿರಬೇಕು ಅಂದುಕೊಂಡೆ.

ಸೋಮವಾರ ಮಧ್ಯಾಹ್ನ ಮಳೆ ಸ್ವಲ್ಪ ಬಿಟ್ಟಿತ್ತು. ಅಂಗಳದ ದೇವಕಣಗಿಲೆ ಮರದಿಂದ ಉದುರಿದ ಹೂವನ್ನು ಆರಿಸಿ ಮುಡಿದುಕೊಂಡೆ. ಬೆಂಕಿಯ ಮೇಲೆ ಸುಟ್ಟ ಇಡೀ ಮೀನು ತಂದಿಟ್ಟರು. ಬೆರಳು ನೆಕ್ಕಿಕೊಂಡು ತಿಂದೆ. ಅಲೆ ಬಂದಾಗ ಸೀರೆ ಎತ್ತಿಕೊಂಡು ಓಡಿದೆ, ಬಿದ್ದೆ, ಮೂಗಿಗೆಲ್ಲ ಉಪ್ಪುನೀರು ಹೋಗಿ ನಕ್ಕೂ ನಕ್ಕೂ ಹೊಟ್ಟೆ ಹಿಡಿದುಕೊಂಡೆ. ಯಜಮಾನರು ಒಣ ಮರಳಿನ ಮೇಲೆ ಕೂತು ನೋಡುತ್ತಿದ್ದರು. “ನೀವೂ ಬನ್ರೀ, ಹಡಗಿನೋರಿಗೇ ನೀರು ಕಂಡ್ರೆ ಭಯಾನಾ?” ಎಂದು ಚುಡಾಯಿಸಿದೆ. ಸುಮ್ಮನೆ ಕೈಯಾಡಿಸಿದರು.

ಸಂಜೆ ರೋಸಾ ನನ್ನನ್ನು ಅಡುಗೆಮನೆಯ ಪಕ್ಕದ ಕೋಣೆಗೆ ಕರೆದಳು. ಗೋಡೆಯಲ್ಲಿ ಮಾತೆ ಮೇರಿಯ ಪಟ. ಒಂದು ಎತ್ತರದ ಮೇಣದಬತ್ತಿ ಹಚ್ಚಿ, ಪಕ್ಕದಲ್ಲಿ ಮೊಣಕಾಲೂರಲು ಸನ್ನೆ ಮಾಡಿದಳು. ಕಾನ್ವೆಂಟಿನಲ್ಲಿ ಹತ್ತು ವರ್ಷ ಊರಿದ ಮೊಣಕಾಲು, ಕಷ್ಟವೇನಿತ್ತು? ಅವಳು ಅವಳ ಭಾಷೆಯಲ್ಲಿ, ನಾನು ಸಿಸ್ಟರುಗಳು ಕಲಿಸಿದ ಇಂಗ್ಲಿಷಿನಲ್ಲಿ ಒಂದೇ ಜಪ ಹೇಳಿದೆವು. ಏರಿಳಿತ ಕೂಡ ಒಂದೇ ಆಗಿ ನನಗೆ ನಗು ಬಂತು. ಅವಳು ಕಣ್ಣು ಒರೆಸಿಕೊಂಡಳು. ಹೊರಗೆ ಬಂದು ಯಜಮಾನರಿಗೆ, “ನಾನು ಕಾನ್ವೆಂಟಲ್ಲಿ ಓದಿದ್ದು ಇವಳಿಗೆ ಹೇಗೆ ಗೊತ್ತಾಯ್ತು ರೀ?” ಎಂದು ಕೇಳಿದೆ. ಅವರು ಸಮುದ್ರದ ಕಡೆ ನೋಡುತ್ತಿದ್ದರು.

ಆ ಮೂರೂ ಬೆಳಗ್ಗೆ ಒಂದು ಪುಟ್ಟ ವಿಮಾನ ಕೊಲ್ಲಿಯ ಮೇಲೆ ತಿರುಗಿಕೊಂಡು ಬೆಟ್ಟದಾಚೆ ಹೋಗುತ್ತಿತ್ತು. ರಾಜಧಾನಿಗೆ ದಿನವೂ ಹೋಗುವ ವಿಮಾನವಂತೆ. ಬಾಲ್ಕನಿಯಲ್ಲಿ ನಿಂತು ಚಿಕ್ಕ ಹುಡುಗಿಯ ಹಾಗೆ ಅದಕ್ಕೆ ಟಾಟಾ ಮಾಡಿದೆ.

ಮುಂದಿನ ಭಾನುವಾರ ನನಗೆ ಶೀತವಾಗಿದೆ ಎಂದು ಅವರೊಬ್ಬರೇ ಫೋನಿಗೆ ಹೋಗಿಬಂದರು. ಆಮೇಲೆ ಜೋಳ ಮುಗಿದು ಹಡಗು ಹೊರಟಿತು. ಊರಿಗೆ ಲೈನು ಸಿಗುವುದಿಲ್ಲ ಎಂದು ಅವರು ಹೇಳಿದ ಇನ್ನೊಂದೆರಡು ಬಂದರು ಸುತ್ತಿ, ಅವರ ಅವಧಿ ಮುಗಿದು ಇಬ್ಬರೂ ಊರಿಗೆ ಬರುವಷ್ಟರಲ್ಲಿ ದಸರೆ ಹತ್ತಿರವಾಗಿತ್ತು. ಅಪ್ಪನಿಗೆಂದು ಹಗ್ಗದ ತೂಗುಮಂಚ ತಂದಿದ್ದೆ. ಅಂಜೂರದ ಗಿಡಕ್ಕೆ ಕಟ್ಟಲಾಗದು, ತೆಂಗಿಗೇ ಕಟ್ಟಬೇಕು ಎಂದು ದಾರಿಯುದ್ದಕ್ಕೂ ಲೆಕ್ಕ ಹಾಕಿದೆ.

ಶ್ರೀರಂಗಪಟ್ಟಣದ ಕೋಟೆ ಬಾಗಿಲಲ್ಲಿ ಅಣ್ಣ ಕಾಯುತ್ತಿದ್ದ. ಟ್ಯಾಕ್ಸಿಯ ಕಿಟಕಿಯಿಂದ ಮೊದಲು ಕಂಡದ್ದು ಅವನ ತಲೆ. ಹೆಂಗಸರಿಗೂ ಹೊಟ್ಟೆಕಿಚ್ಚಾಗುವಂಥ ಗುಂಗುರು ಕೂದಲು ಅವನದು. ಈಗ ಒಂದಂಗುಲ, ಹೊಸ ಪೈರಿನ ಹಾಗೆ ನೆಟ್ಟಗೆ ನಿಂತಿತ್ತು. ಯಾರೂ ಏನೂ ಹೇಳಬೇಕಾಗಲಿಲ್ಲ. ತಲೆ ಬೋಳಿಸಿ ಎಷ್ಟು ದಿನವಾದರೆ ಅಷ್ಟು ಕೂದಲು ಬರುತ್ತದೆ ಎಂದು ನನ್ನ ಮನಸ್ಸು ಆಗಲೇ ಹಿಂದಕ್ಕೆ, ಹಿಂದಕ್ಕೆ ಹೋಗುತ್ತಿತ್ತು.

“ಬಾವಂಗೆ ನಾನೇ ಏಳ್ದೆ ಕಣವ್ವ, ಏಳ್ಬ್ಯಾಡಿ ಅಂತ,” ಎಂದ ಅಣ್ಣ. “ಭಾನ್ವಾರ ಮಣ್ಣಾಯ್ತು, ಸೋಮ್ವಾರ ಫೋನು ಬಂತು. ಅಷ್ಟ್ ದೂರ ಓಗೀಯೆ. ಅತ್ಕಂಡ್ ಕೂತ್ರೆ ಅಲ್ಲಿ ಯಾರವ್ರೆ ಸಮಾಧಾನ ಮಾಡಾಕೆ? ನಿನ್ ಪಾಲಿನ ಆಲು-ತುಪ್ಪಾನೂ ಮಂಗಳ್ವಾರ ಬೆಳಿಗ್ಗೆ ನಾನೇ ಬುಟ್ಟೆ. ನಿನ್ ಎಸ್ರು ಏಳ್ಕಂಡೇ ಬುಟ್ಟೆ.”

ಇಲ್ಲಿ ಮಂಗಳವಾರ ಬೆಳಗ್ಗೆ ಅಂದರೆ ಅಲ್ಲಿ ಸೋಮವಾರ ಸಂಜೆ. ಅಣ್ಣ ನನ್ನ ಹೆಸರು ಹೇಳಿ ಲೋಟ ಬಗ್ಗಿಸುವಾಗ ನಾನು ಹೂ ಮುಡಿದು, ಮೀನು ತಿಂದು, ಮೇಣದಬತ್ತಿಯ ಮುಂದೆ ನಗು ತಡೆಯುತ್ತ ಕೂತಿದ್ದೆ. ಕಣ್ಣು ಒರೆಸಿಕೊಂಡವಳು ಗುರುತು ಪರಿಚಯವಿಲ್ಲದ ರೋಸಾ.

ಅವತ್ತೇ ಅತ್ತಿಗೆಯಿಂದ ಲೋಟದಲ್ಲಿ ಹಾಲು, ಬಟ್ಟಲಲ್ಲಿ ತುಪ್ಪ ಹಾಕಿಸಿಕೊಂಡು ತೋಟದ ಮೂಲೆಗೆ ಹೊರಟೆ. ಗುಡ್ಡೆಯ ಮೇಲೆ ಗರಿಕೆ ಬಂದಿತ್ತು. ಹಿಂದಿನಿಂದ ದೊಡ್ಡಪ್ಪ ಕೋಲೂರಿಕೊಂಡು ಬಂದು ಅಡ್ಡ ನಿಂತರು. “ಬ್ಯಾಡ ಕಣವ್ವ. ತಿಥಿ ಮುಗುದ್ ಮ್ಯಾಲೆ ಬುಡಬಾರ್ದು. ಮುಗ್ದೋಗಿರೋ ಕಾರ್ಯನ ಕೆದಕುದ್ರೆ ಮನೆಗೆ ಒಳ್ಳೇದಾಗಕ್ಕಿಲ್ಲ. ನಿಮ್ಮಣ್ಣನ ಮಕ್ಕಳ ಮೊಕ ನೋಡು.” ನಾನು ಅಣ್ಣನ ಕಡೆ ನೋಡಿದೆ. ಅವನು ನೆಲ ನೋಡಿದ. ಲೋಟ ವಾಪಸು ಬಂತು. ಆ ಹಾಲಿನಲ್ಲೇ ಅತ್ತಿಗೆ ಎಲ್ಲರಿಗೂ ಕಾಫಿ ಕಾಸಿದಳು. ನನಗೂ ಕೊಟ್ಟಳು. ಕುಡಿದೆ.

ಪಾಂಡವಪುರಕ್ಕೆ ಹೋಗುವ ದಾರಿಯಲ್ಲಿ ಗಂಡನನ್ನು ಕೇಳಿದೆ, “ನೀವು ಮಾತು ಕೊಟ್ಟಿದ್ರಿ.”

“ಹೇಳಿದ್ರೆ ಏನ್ಮಾಡ್ತಿದ್ದೆ? ಅಲ್ಲಿಂದ ಬರೋಕಾಗ್ತಿತ್ತಾ?”

“ದಿನಾ ವಿಮಾನ ಹೋಗ್ತಿತ್ತಲ್ಲ. ತಿಥಿಗೆ ಇನ್ನೂ ಎಷ್ಟೊಂದು ದಿನ ಇತ್ತು.”

“ಒಬ್ಬಳೇ, ಮೂರು ದೇಶ ದಾಟ್ಕೊಂಡು? ನಿನ್ನ ಕಳಿಸಿ ನಾನು ಅಲ್ಲಿ ನೆಮ್ಮದಿಯಾಗಿ ಇರ್ತಿದ್ನಾ? ಆ ಹೆಂಗಸಿಗೆ ಹೇಳಿ ಮೇಣದಬತ್ತಿ ಹಚ್ಚಿಸಿದ್ದು ನಾನೇ. ನನಗೇನು ಕರುಳಿಲ್ವಾ? ಬೂತಿನಿಂದ ಹೊರಗೆ ಬಂದೆ, ನೀನು ಬಾಯಿಗೆಲ್ಲ ಖಾರ ಮೆತ್ಕೊಂಡು ನಗ್ತಾ ನಿಂತಿದ್ದೆ. ಹೇಗೆ ಹೇಳ್ಲಿ?” ಅವರ ದನಿಯಲ್ಲಿ ಸುಳ್ಳಿರಲಿಲ್ಲ. ನನಗೆ ಒಳ್ಳೆಯದನ್ನೇ ಮಾಡಿದ್ದೇನೆ ಎಂಬ ನಂಬಿಕೆ ಮುಖದ ತುಂಬ ಇತ್ತು. ಮನೆಗೆ ಬಂದು ತೂಗುಮಂಚವನ್ನು ಅಟ್ಟಕ್ಕೆ ಹಾಕಿದೆ.

ಆ ದಶಕ ಮುಗಿಯುವ ಮುಂಚೆ ನಮ್ಮತ್ತೆ ಹೋದರು. ನಿದ್ದೆಯಲ್ಲಿ, ಯಾರಿಗೂ ತೊಂದರೆ ಕೊಡದೆ. ಯಜಮಾನರ ಹಡಗು ಸಿಂಗಪುರದಲ್ಲಿತ್ತು. ಅಂಗಳದಲ್ಲಿ ಹೆಂಗಸರು ಅಳುತ್ತಿದ್ದಾಗ ಮೈದುನ ನನ್ನನ್ನು ಪಕ್ಕಕ್ಕೆ ಕರೆದು ಕೇಳಿದ, “ಅತ್ತಿಗೆ, ಅಣ್ಣಂಗೆ ಏಳಾದಾ, ಬ್ಯಾಡ್ವಾ? ಸುಮ್ನೆ ಅಲ್ಲಿ ಸಂಕಟ ಪಡ್ತಾನೆ. ರಜಕ್ಕೆ ಬಂದಾಗ ಏಳುದ್ರಾಯ್ತದೆ.”

“ನಾನೇ ಹೇಳ್ತೀನಿ,” ಅಂದೆ. ಕಂಪನಿಯವರ ಮೂಲಕ ಹಡಗಿಗೆ ಫೋನು ಸಿಕ್ಕಿತು. ಸುತ್ತಿ ಬಳಸಲಿಲ್ಲ. “ಅತ್ತೆ ಹೋಗ್ಬಿಟ್ರು ರೀ. ಹೊರಡಿ.”

ದೊಡ್ಡ ಮಗ ಬರುತ್ತಿದ್ದಾನೆ ಎಂದು ಹಿರಿಯರು ಕೂತು ಮಾತಾಡಿ, ಮೂರನೇ ದಿನದ ಹಾಲು-ತುಪ್ಪವನ್ನು ಐದನೇ ದಿನಕ್ಕೆ ಹಾಕಿದರು. ಅದಕ್ಕೆ ಅವಕಾಶವಿದೆಯೆಂದು ನನಗೆ ಗೊತ್ತಾದದ್ದು ಆಗಲೇ. ಅವರು ವಿಮಾನ ಇಳಿದು, ಕಾರು ಮಾಡಿಕೊಂಡು ನೇರ ಗದ್ದೆಗೇ ಬಂದರು. ನಾನು ಹಾಲಿನ ಲೋಟ ಅವರ ಕೈಗೆ ಕೊಟ್ಟೆ. ಅವರು ಬಗ್ಗಿ ಬಿಟ್ಟರು, ಹಾಲು ಇಂಗಿತು, ಮಗುವಿನ ಹಾಗೆ ಬಿಕ್ಕಿ ಅತ್ತರು.

ಅವತ್ತು ಸಂಜೆ ಜಗಲಿಯಲ್ಲಿ ಕಾಫಿ ಕೊಟ್ಟಾಗ ನನ್ನ ಕೈ ಹಿಡಿದುಕೊಂಡು ಹೇಳಿದರು, “ನೀನು ತಕ್ಷಣ ಹೇಳಿದ್ದು ಬಹಳ ಒಳ್ಳೇದಾಯ್ತು. ಮುಚ್ಚಿಟ್ಟಿದ್ದಿದ್ರೆ, ನೋಡು, ಜೀವ ಇರೋವರೆಗೂ ನಿನ್ನ ಕ್ಷಮಿಸ್ತಿರಲಿಲ್ಲ.”

ನಾನು ಅವರ ಮುಖವನ್ನೇ ನೋಡುತ್ತ ನಿಂತೆ. ಈಗ ನೆನಪಾಗುತ್ತದೆ, ಈಗ ಕಣ್ಣೆತ್ತುತ್ತಾರೆ ಎಂದು ಕಾದೆ. ಅವರು ಕಾಫಿ ಮುಗಿಸಿದರು, ಲೋಟವನ್ನು ನನ್ನ ಕೈಗೆ ಕೊಟ್ಟರು, ಮುಖ ತೊಳೆಯಲು ಬಚ್ಚಲಿಗೆ ಹೋದರು. ನಾನೂ ಮತ್ತೆ ಆ ಮಾತು ಎತ್ತಲಿಲ್ಲ.

ಕಳೆದ ಭಾನುವಾರ ಗಂಜಾಂನ ಮೆಟ್ಟಿಲ ಮೇಲೆ ಕೂತು ಅವರು ತಮ್ಮ ತೆನೆಯನ್ನು ಒಂದು ಕಾಳೂ ಬಿಡದ ಹಾಗೆ ತಿಂದು ಮುಗಿಸಿದರು. ನನ್ನದು ಕೈಯಲ್ಲೇ ಆರುತ್ತಿತ್ತು.

“ಯಾಕೆ, ಬೇಡ್ವಾ?”

“ಹೊಟ್ಟೆ ತುಂಬಿದೆ.”

“ಕೊಡು ಹಾಗಾದ್ರೆ,” ಎಂದು ತೆಗೆದುಕೊಂಡು ಅದನ್ನೂ ತಿನ್ನತೊಡಗಿದರು. ಅರ್ಧ ತಿಂದು ಹೊಳೆಯ ಕಡೆ ನೋಡುತ್ತ, “ಏನೇ ಹೇಳು, ಅಲ್ಲಿಯ ರುಚಿ ಬರಲ್ಲ,” ಎಂದರು.